ಹಳೆಯ ಡೆಸ್ಕ್‌ಟಾಪ್‌ನ ಪರದೆಯಲ್ಲಿ ಬಣ್ಣದ ಚೌಕಗಳು: ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ಹಳೆಪೆಟ್ಟಿಗೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ.

ಸುಮಾರು ಹತ್ತು ವರ್ಷ ಹಳೆಯದಾದ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರ್‌ನ ಪರದೆಯಲ್ಲಿ ಇತ್ತೀಚೆಗೆ ಒಂದು ತೊಂದರೆ ಕಾಣಿಸಿಕೊಂಡಿದೆ. ಕಂಪ್ಯೂಟರ್ ಆನ್ ಮಾಡಿದ ಮೇಲೆ ಸುಮಾರು ಅರ್ಧ ಗಂಟೆಯವರೆಗೆ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಅಲ್ಲಲ್ಲಿ ಹಸಿರು ಮತ್ತು ಗುಲಾಬಿ ಬಣ್ಣದ ಸಣ್ಣ ಸಣ್ಣ ಚೌಕಗಳು ಮೂಡತೊಡಗುತ್ತವೆ. ಯಾವುದಾದರೂ ವಿಂಡೋವನ್ನು ಅವುಗಳ ಮೇಲೆ ಎಳೆದು ತಂದು ಮತ್ತೆ ಸರಿಸಿದರೆ ಆ ಜಾಗದ ಚೌಕಗಳು ಅಳಿಸಿಹೋಗುತ್ತವೆ, ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಬೇರೆ ಕಡೆ ಹೊಸವು ಹುಟ್ಟಿಕೊಳ್ಳುತ್ತವೆ. ಕೆಲವೊಮ್ಮೆ ಇಡೀ ಪರದೆ ಒಂದೆರಡು ಕ್ಷಣ ಕಪ್ಪಾಗಿ ಮರಳಿ ಬರುತ್ತದೆ. ಹಾಗೆ ಬಂದಾಗ ಡಿಸ್‌ಪ್ಲೇ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಅರ್ಥದ ಸಂದೇಶವೊಂದು ಕಾಣಿಸುತ್ತದೆ.

ನಾನು ಇದರಲ್ಲಿ ಪುಟವಿನ್ಯಾಸ ಮತ್ತು ಫೋಟೊಗಳನ್ನು ತಿದ್ದುವ ಕೆಲಸ ಮಾಡುತ್ತೇನೆ. ಆದ್ದರಿಂದ ಇದು ಕೇವಲ ಕಣ್ಣಿಗೆ ಆಗುವ ಕಿರಿಕಿರಿಯಲ್ಲ: ಕಾಣುತ್ತಿರುವ ಕಲೆ ಫೋಟೊದಲ್ಲಿಯೇ ಇದೆಯೋ ಅಥವಾ ಪರದೆಯ ಮೇಲೆ ಮಾತ್ರ ಇದೆಯೋ ಎಂಬುದೇ ತಿಳಿಯದಂತಾಗಿದೆ. ಡ್ರೈವರನ್ನು ತೆಗೆದು ಹೊಸದಾಗಿ ಹಾಕಿದ್ದೇನೆ, ಎಚ್‌ಡಿಎಂಐ ಕೇಬಲ್ ಬದಲಿಸಿದ್ದೇನೆ. ಎರಡರಿಂದಲೂ ಏನೂ ವ್ಯತ್ಯಾಸವಾಗಲಿಲ್ಲ. ಪರಿಚಯದವರಲ್ಲಿ ಒಬ್ಬರು ಮಾನಿಟರ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ, ಮತ್ತೊಬ್ಬರು ಇಡೀ ಕಂಪ್ಯೂಟರನ್ನೇ ಬದಲಿಸಲು ಹೇಳುತ್ತಾರೆ. ಊಹೆಯ ಮೇಲೆ ಹಣ ಖರ್ಚು ಮಾಡುವ ಬದಲು, ದೋಷ ಇರುವ ಜಾಗವನ್ನು ಖಚಿತವಾಗಿ ಕಂಡುಕೊಳ್ಳುವ ಕ್ರಮ ಯಾವುದೆಂದು ತಿಳಿಯುವ ಆಸೆ ನನ್ನದು.

ಯಂತ್ರದ ವಿವರ ಹೀಗಿದೆ: 2 ಜಿಬಿ ಮೆಮೊರಿ ಇರುವ, 6 ಪಿನ್‌ಗಳ ಪ್ರತ್ಯೇಕ ವಿದ್ಯುತ್ ಕನೆಕ್ಟರ್ ಬೇಕಾಗುವ ಗ್ರಾಫಿಕ್ಸ್ ಕಾರ್ಡ್, ತನ್ನೊಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್, 4 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು, 1920×1080 ರೆಸಲ್ಯೂಷನ್‌ನ ಎಲ್‌ಸಿಡಿ ಮಾನಿಟರ್, ವಿಂಡೋಸ್ 10. ಕ್ಯಾಬಿನೆಟ್ ಬಿಚ್ಚಿ ಕೆಲಸ ಮಾಡಿ ಅಭ್ಯಾಸವಿದೆ, ಮಲ್ಟಿಮೀಟರ್ ಕೂಡ ಇದೆ.


ಚಿತ್ರಪಥ (ಉತ್ತರ):

ನಮಸ್ಕಾರ. ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವ ಬದಲು ದೋಷದ ಜಾಗವನ್ನು ಮೊದಲು ಗುರುತಿಸಬೇಕೆಂಬ ನಿಮ್ಮ ನಿಲುವು ಸರಿಯಾದದ್ದು. ಅದಕ್ಕೆ ಚಿತ್ರವು ಯಾವ ದಾರಿಯಲ್ಲಿ ಕಣ್ಣಿಗೆ ಬಂದು ತಲುಪುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾಕು, ಪರೀಕ್ಷೆಗಳು ತಾವಾಗಿಯೇ ಹೊಳೆಯುತ್ತವೆ.

ಪರದೆಯ ಮೇಲೆ ನೀವು ನೋಡುವ ಪ್ರತಿಯೊಂದು ಚಿತ್ರವೂ ಮೊದಲು ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯಲ್ಲಿ ಅಂಕಿಗಳ ರೂಪದಲ್ಲಿ ಸಿದ್ಧವಾಗುತ್ತದೆ. 1920×1080 ಪಿಕ್ಸೆಲ್‌ಗಳಿಗೆ ತಲಾ 4 ಬೈಟ್‌ನಂತೆ ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ 82,94,400 ಬೈಟ್‌ಗಳು ಬೇಕು. ಕಾರ್ಡ್‌ನಲ್ಲಿರುವ ಇನ್ನೊಂದು ಸರ್ಕ್ಯೂಟ್ ಈ ಅಂಕಿಗಳನ್ನು ಸೆಕೆಂಡಿಗೆ 60 ಬಾರಿ ಓದಿ ಕೇಬಲ್‌ಗೆ ಕಳುಹಿಸುತ್ತದೆ. ಮಾನಿಟರ್‌ನ ಒಳಗಿನ ಬೋರ್ಡ್ ಅದನ್ನು ಬರಮಾಡಿಕೊಂಡು ಪ್ಯಾನೆಲ್‌ಗೆ ದಾಟಿಸುತ್ತದೆ. ಅಂದರೆ ಚಿತ್ರ ಕೆಡಲು ಸಾಧ್ಯವಿರುವ ಜಾಗಗಳು ಸ್ಥೂಲವಾಗಿ ಮೂರು: ಬರೆದಿಡುವಾಗ, ಸಾಗಿಸುವಾಗ, ತೋರಿಸುವಾಗ.

ನಿಮ್ಮ ವಿವರಣೆಯಲ್ಲಿಯೇ ಒಂದು ದೊಡ್ಡ ಸುಳಿವು ಇದೆ. ವಿಂಡೋ ಸರಿಸಿದಾಗ ಚೌಕಗಳು ಅಳಿಸಿಹೋಗುತ್ತವೆ ಎಂದಿದ್ದೀರಿ. ಎಚ್‌ಡಿಎಂಐ ಕೇಬಲ್‌ನಲ್ಲಿ ದೋಷವಿದ್ದರೆ ಬಿಳಿ ಅಥವಾ ಬಣ್ಣದ ಚುಕ್ಕೆಗಳು ಪರದೆಯ ತುಂಬ ಮಿನುಗುತ್ತವೆ, ಅಡ್ಡ ಗೆರೆಗಳು ಹಾರುತ್ತವೆ, ಇಲ್ಲವೇ ಸಿಗ್ನಲ್ಲೇ ಹೋಗಿಬಿಡುತ್ತದೆ. ಅಂತಹ ದೋಷಗಳು ಒಂದೇ ಜಾಗದಲ್ಲಿ ನಿಂತಿರುವುದಿಲ್ಲ, ನೀವು ಯಾವ ವಿಂಡೋವನ್ನು ಎಲ್ಲಿಗೆ ಎಳೆದಿರಿ ಎಂಬುದು ಕೇಬಲ್‌ಗೆ ತಿಳಿಯುವುದೂ ಇಲ್ಲ. ಒಂದೇ ಕಡೆ ಉಳಿದು, ಆ ಜಾಗವನ್ನು ಹೊಸದಾಗಿ ಬರೆದಾಗ ಮಾತ್ರ ಹೋಗುವ ಕಲೆ ಬಹುತೇಕ ಮೆಮೊರಿಯಲ್ಲಿಯೇ ಕೂತಿರುವ ಕಲೆ. ಆದರೂ ಇದನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ.

ಮೊದಲನೆಯದಾಗಿ, ಚೌಕಗಳು ಕಾಣುತ್ತಿರುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಅದೇ ಹೊತ್ತಿಗೆ ಮೊಬೈಲ್‌ನಿಂದ ಪರದೆಯ ಫೋಟೊವನ್ನೂ ತೆಗೆಯಿರಿ. ಸ್ಕ್ರೀನ್‌ಶಾಟನ್ನು ಅದೇ ಕಂಪ್ಯೂಟರ್‌ನಲ್ಲಿ ತೆರೆದು ನೋಡಬೇಡಿ, ಏಕೆಂದರೆ ಕೆಟ್ಟಿರುವ ಪರದೆಯಲ್ಲಿ ಒಳ್ಳೆಯ ಚಿತ್ರವೂ ಕೆಟ್ಟದಾಗಿಯೇ ಕಾಣುತ್ತದೆ. ಮೊಬೈಲ್‌ಗೆ ಅಥವಾ ಬೇರೆ ಕಂಪ್ಯೂಟರ್‌ಗೆ ಕಳುಹಿಸಿ ನೋಡಿ. ಚೌಕಗಳು ಸ್ಕ್ರೀನ್‌ಶಾಟ್‌ನಲ್ಲಿಯೂ ಇದ್ದರೆ ಕೇಬಲ್ ಮತ್ತು ಮಾನಿಟರ್ ಎರಡೂ ನಿರಪರಾಧಿಗಳು. ಇಲ್ಲದಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ: ಕಾರ್ಡ್ ತನ್ನ ಮೆಮೊರಿಯನ್ನು ಓದಿ ಹೊರಗೆ ಕಳುಹಿಸುವ ಕೊನೆಯ ಹಂತದಲ್ಲಿ ತಪ್ಪುತ್ತಿದ್ದರೂ ಸ್ಕ್ರೀನ್‌ಶಾಟ್ ಸ್ವಚ್ಛವಾಗಿಯೇ ಬರಬಹುದು.

ಎರಡನೆಯದಾಗಿ, ಮಾನಿಟರ್‌ನ ಗುಂಡಿಯನ್ನು ಒತ್ತಿ ಅದರ ಸ್ವಂತ ಮೆನು ತೆರೆಯಿರಿ. ಆ ಮೆನುವನ್ನು ಕಂಪ್ಯೂಟರ್ ಕಳುಹಿಸುವುದಿಲ್ಲ, ಮಾನಿಟರ್ ತಾನೇ ಬರೆಯುತ್ತದೆ. ಹಿಂದಿನ ಚಿತ್ರ ಕೆಟ್ಟಿದ್ದು ಮೆನು ಮಾತ್ರ ಸ್ವಚ್ಛವಾಗಿದ್ದರೆ ಪ್ಯಾನೆಲ್ ಮೇಲಿನ ಅನುಮಾನ ಬಹಳಷ್ಟು ಕಡಿಮೆಯಾಗುತ್ತದೆ.

ಇನ್ನು ಡ್ರೈವರ್ ವಿಚಾರ. ಆ ಸಂದೇಶವನ್ನು ಓದಿದ ಬಹುತೇಕರು ಡ್ರೈವರನ್ನೇ ದೂರುತ್ತಾರೆ, ಆದರೆ ಅದು ಹೇಳುವುದು ಅಷ್ಟನ್ನಲ್ಲ. ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸಿದ ಕೆಲಸ ಮುಗಿಯದೆ ಸಿಕ್ಕಿಹಾಕಿಕೊಂಡಾಗ ವಿಂಡೋಸ್ ಸಾಮಾನ್ಯ ಸೆಟ್ಟಿಂಗ್‌ನಲ್ಲಿ 2 ಸೆಕೆಂಡ್ ಕಾದು, ಚಿಪ್ಪನ್ನೂ ಡ್ರೈವರನ್ನೂ ಮರುಪ್ರಾರಂಭಿಸುತ್ತದೆ. ಆ ಕಪ್ಪು ಪರದೆ ಇದರ ಫಲ. ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಇದು 4101 ಎಂಬ ಸಂಖ್ಯೆಯಡಿ ದಾಖಲಾಗಿರುತ್ತದೆ. ಚಿಪ್ ಏಕೆ ಸುಮ್ಮನಾಯಿತು ಎಂಬುದನ್ನು ಆ ದಾಖಲೆ ಹೇಳುವುದಿಲ್ಲ. ಕಾರಣ ಡ್ರೈವರ್ ಇರಬಹುದು, ಬಿಸಿ ಇರಬಹುದು, ವಿದ್ಯುತ್ ಪೂರೈಕೆಯೂ ಇರಬಹುದು.

ಡ್ರೈವರನ್ನು ಪೂರ್ತಿಯಾಗಿ ಬದಿಗಿಡಲು ಸುಲಭದ ಉಪಾಯವೆಂದರೆ ವಿಂಡೋಸ್ ಅನ್ನೇ ಬದಿಗಿಡುವುದು. ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಯುವ ಯಾವುದಾದರೂ ಲಿನಕ್ಸ್ ಆವೃತ್ತಿಯನ್ನು, ಹಾರ್ಡ್‌ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡದೆ, ತೊಂದರೆ ಶುರುವಾಗಲು ಹಿಡಿಯುವಷ್ಟು ಹೊತ್ತು ಚಲಾಯಿಸಿ ನೋಡಿ. ಅಲ್ಲಿಯೂ ಅದೇ ಚೌಕಗಳು ಬಂದರೆ ಡ್ರೈವರ್ ಬದಲಿಸುವ ಕೆಲಸವನ್ನು ಅಲ್ಲಿಗೇ ಕೈಬಿಡಬಹುದು. ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಬಯೋಸ್ ಪರದೆಯನ್ನು ನೋಡಿ ತೀರ್ಮಾನಿಸಬೇಕೆಂದು ಕೆಲವರು ಹೇಳುತ್ತಾರೆ. ಅಲ್ಲಿ ದೋಷ ಕಂಡರೆ ಅದು ಹಾರ್ಡ್‌ವೇರ್ ದೋಷವೇ ಸರಿ. ಆದರೆ ಅಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ಬಯೋಸ್ ಪರದೆ ಕಾರ್ಡ್‌ನ ಮೆಮೊರಿಯ ಅತಿ ಸಣ್ಣ ಭಾಗವನ್ನು ಮಾತ್ರ ಬಳಸುತ್ತದೆ ಮತ್ತು ಚಿಪ್‌ಗೆ ಹೆಚ್ಚು ಕೆಲಸ ಕೊಡುವುದಿಲ್ಲ.


ಬೆಸುಗೆಕಡ್ಡಿ (ಉತ್ತರ):

ಚಿತ್ರಪಥ ಅವರು ಹೇಳಿದ ಕ್ರಮಕ್ಕೆ ನನ್ನ ಒಪ್ಪಿಗೆ ಇದೆ. ದುರಸ್ತಿ ಕೆಲಸ ಮಾಡುವವನಾಗಿ ನಾನು ಸೇರಿಸುವುದು ಕ್ಯಾಬಿನೆಟ್ ಒಳಗಿನ ಸಂಗತಿಗಳನ್ನು. ಅರ್ಧ ಗಂಟೆಯ ನಂತರ ಶುರುವಾಗುವ ತೊಂದರೆ ಎಂದ ಕೂಡಲೇ ಬಿಸಿಯ ಕಡೆ ನೋಡಬೇಕು.

ಕಂಪ್ಯೂಟರನ್ನು ಸಂಪೂರ್ಣವಾಗಿ ಆಫ್ ಮಾಡಿ, ಗೋಡೆಯ ಸಾಕೆಟ್‌ನಿಂದ ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಹೋಗಲೆಂದು ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹರಿದುಹೋಗುವಂತೆ ಮಾಡಿಕೊಂಡ ಮೇಲಷ್ಟೇ ಕಾರ್ಡ್‌ಗೆ ಕೈ ಹಾಕಿ. ಸ್ಲಾಟ್‌ನ ಕೊನೆಯಲ್ಲಿ ಸಣ್ಣ ಕೊಕ್ಕೆ ಇರುತ್ತದೆ. ಅದನ್ನು ಸಡಿಲಿಸದೆ ಕಾರ್ಡ್ ಎಳೆದರೆ ಸ್ಲಾಟ್ ಮುರಿಯುತ್ತದೆ.

ಹತ್ತು ವರ್ಷದ ಕಾರ್ಡ್‌ನಲ್ಲಿ ಚಿಪ್‌ನ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ಅದು ಮೇಲಿನಿಂದ ಕಾಣುವುದಿಲ್ಲ, ಫ್ಯಾನ್ ಬಿಚ್ಚಿದಾಗಲೇ ಕಾಣುವುದು. ಬ್ರಷ್ಷಿನಿಂದ ಮತ್ತು ಗಾಳಿ ಊದಿ ಅದನ್ನು ತೆಗೆಯಿರಿ, ಆದರೆ ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಫ್ಯಾನನ್ನು ಬೆರಳಿನಿಂದ ತಳ್ಳಿದಾಗ ಸಲೀಸಾಗಿ ತಿರುಗಿ ನಿಧಾನವಾಗಿ ನಿಲ್ಲಬೇಕು; ಗಕ್ಕನೆ ನಿಂತರೆ ಬೇರಿಂಗ್ ಒಣಗಿದೆ ಎಂದು ಅರ್ಥ. ಹೀಟ್‌ಸಿಂಕ್ ಬಿಚ್ಚಿದರೆ ಚಿಪ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುವುದು ಕಾಣುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದನ್ನು ಹಚ್ಚಿ. ಮೆಮೊರಿ ಚಿಪ್‌ಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇದ್ದರೆ ಅದರ ದಪ್ಪವನ್ನು ಗಮನಿಸಿ, ಹರಿದಿದ್ದರೆ ಅಷ್ಟೇ ದಪ್ಪದ್ದನ್ನು ಹಾಕಿ. ಪ್ಯಾಡ್ ಇದ್ದ ಜಾಗಕ್ಕೆ ಪೇಸ್ಟ್ ಹಚ್ಚಿದರೆ ನಡುವಿನ ಸಂದು ತುಂಬುವುದಿಲ್ಲ, ಮೆಮೊರಿ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಕಾರ್ಡ್ ಹೊರಗೆ ಬಂದಾಗ ಅದರ ಚಿನ್ನದ ಬಣ್ಣದ ಅಂಚನ್ನೂ ಅದೇ ಆಲ್ಕೋಹಾಲ್‌ನಿಂದ ಒರೆಸಿ. ಮರಳು ಕಾಗದದಿಂದ ಉಜ್ಜುವವರನ್ನು ನೋಡಿದ್ದೇನೆ. ಮೇಲಿನ ಲೇಪ ಬಹಳ ತೆಳುವಾದದ್ದು, ಒಮ್ಮೆ ಹೋದರೆ ಹೋಯಿತು. ನಂತರ ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್‌ಗಳನ್ನು (ವಿದ್ಯುತ್ತನ್ನು ಹಿಡಿದಿಡುವ ಸಣ್ಣ ಡಬ್ಬಿಗಳು) ಟಾರ್ಚ್ ಬೆಳಕಿನಲ್ಲಿ ನೋಡಿ. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಬುಡದಲ್ಲಿ ಕಂದು ಬಣ್ಣದ ಅಂಟು ಒಸರಿದ್ದರೆ ಬದಲಿಸಬೇಕು. 6 ಪಿನ್‌ನ ವಿದ್ಯುತ್ ಕನೆಕ್ಟರ್ ಪೂರ್ತಿ ಒಳಗೆ ಕೂತಿದೆಯೇ, ಅದರ ಪ್ಲಾಸ್ಟಿಕ್ ಎಲ್ಲಾದರೂ ಕಂದಿದೆಯೇ ಎಂಬುದನ್ನೂ ನೋಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಕಂಪ್ಯೂಟರ್‌ಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ ಉಳಿದಿರಬಹುದು.


ಹೊಸಬಳ್ಳಿ (ಉಪಪ್ರಶ್ನೆ):

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನನ್ನ ಹಳೆಯ ಮಾನಿಟರ್ ವಿಜಿಎ ಕೇಬಲ್‌ನಲ್ಲಿ ನಡೆಯುತ್ತದೆ. ಬಿಳಿಯಾಗಿರಬೇಕಾದ ಪುಟವೆಲ್ಲ ಹಳದಿಯಾಗಿ ಕಾಣುತ್ತದೆ, ಕೇಬಲ್ ಅಲುಗಾಡಿಸಿದರೆ ಕೆಲವೊಮ್ಮೆ ಸರಿಯಾಗುತ್ತದೆ. ಇದಲ್ಲದೆ ಎಡಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ತೆಳುವಾದ ಗೆರೆ ಯಾವಾಗಲೂ ಇರುತ್ತದೆ. ಇದೂ ಗ್ರಾಫಿಕ್ಸ್ ಕಾರ್ಡ್‌ನದೇ ದೋಷವೇ?


ಚಿತ್ರಪಥ (ಉತ್ತರ):

ಎರಡೂ ಬೇರೆ ಬೇರೆ ದೋಷಗಳು. ವಿಜಿಎಯ 15 ಪಿನ್‌ಗಳಲ್ಲಿ 1, 2, 3ನೆಯವು ಕ್ರಮವಾಗಿ ಕೆಂಪು, ಹಸಿರು ಮತ್ತು ನೀಲಿ ಬಣ್ಣಗಳನ್ನು ಸಾಗಿಸುತ್ತವೆ. ನೀಲಿ ತಪ್ಪಿಹೋದರೆ ಉಳಿದ ಕೆಂಪು ಮತ್ತು ಹಸಿರು ಸೇರಿ ಹಳದಿ ಕಾಣುತ್ತದೆ. ಆದ್ದರಿಂದ 3ನೇ ಪಿನ್ ಬಾಗಿದೆಯೇ ನೋಡಿ, ಕೇಬಲ್ ಬದಲಿಸಿ. ಆಮೇಲೂ ಉಳಿದರೆ ಮಾನಿಟರ್ ಕಡೆಯ ಸಾಕೆಟ್‌ನ ಬೆಸುಗೆ ಬಿಟ್ಟಿರಬಹುದು. ಸದಾ ಒಂದೇ ಜಾಗದಲ್ಲಿರುವ ಉದ್ದ ಗೆರೆ ಮಾತ್ರ ಪ್ಯಾನೆಲ್‌ನದು. ಗಾಜಿನ ಅಂಚಿಗೆ ಅಂಟಿಸಿರುವ ತೆಳು ಪಟ್ಟಿಯ ಸಂಪರ್ಕ ಬಿಟ್ಟಾಗ ಹಾಗಾಗುತ್ತದೆ. ಮಾನಿಟರ್‌ನ ಸ್ವಂತ ಮೆನುವನ್ನು ಆ ಗೆರೆಯ ಮೇಲೆ ಸರಿಸಿ ನೋಡಿ, ಅದನ್ನೂ ಗೆರೆ ಸೀಳಿದರೆ ಖಚಿತ. ಅದಕ್ಕೆ ಸುಲಭದ ದುರಸ್ತಿ ಇಲ್ಲ.


ಹಳೆಪೆಟ್ಟಿಗೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿ ನೋಡಿದ್ದೇನೆ.

ಸ್ಕ್ರೀನ್‌ಶಾಟನ್ನು ಮೊಬೈಲ್‌ನಲ್ಲಿ ತೆರೆದಾಗ ಚೌಕಗಳು ಅದರಲ್ಲಿಯೂ ಇದ್ದವು, ಪರದೆಯ ಫೋಟೊದಲ್ಲಿ ಇದ್ದ ಜಾಗಗಳಲ್ಲಿಯೇ ಇದ್ದವು. ಮಾನಿಟರ್‌ನ ಮೆನು ಪೂರ್ತಿ ಸ್ವಚ್ಛವಾಗಿತ್ತು. ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿದಾಗಲೂ ಸ್ವಲ್ಪ ಹೊತ್ತಿನ ಮೇಲೆ ಅದೇ ಬಣ್ಣದ ಚೌಕಗಳು ಬಂದವು. ಹಾಗಾಗಿ ಮಾನಿಟರ್, ಕೇಬಲ್, ಡ್ರೈವರ್ ಮೂರನ್ನೂ ಅನುಮಾನದ ಪಟ್ಟಿಯಿಂದ ತೆಗೆದಿದ್ದೇನೆ.

ಕಾರ್ಡ್ ಬಿಚ್ಚಿದಾಗ ಬೆಸುಗೆಕಡ್ಡಿ ಅವರು ವರ್ಣಿಸಿದ ದೂಳಿನ ಪದರ ಹಾಗೆಯೇ ಇತ್ತು. ಶುಚಿ ಮಾಡಿ ಹೊಸ ಪೇಸ್ಟ್ ಹಚ್ಚಿದ ಮೇಲೆ ಕೆಲಸದ ವೇಳೆಯಲ್ಲಿ ಚಿಪ್‌ನ ಉಷ್ಣತೆ 91 ಡಿಗ್ರಿಯಿಂದ 72 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆ. ಪರದೆ ಕಪ್ಪಾಗುವುದು ನಿಂತಿದೆ, ಈವೆಂಟ್ ವ್ಯೂವರ್‌ನಲ್ಲಿ 4101 ಮತ್ತೆ ಬಂದಿಲ್ಲ. ಆದರೆ ಚೌಕಗಳು ಉಳಿದಿವೆ, ಮೊದಲಿಗಿಂತ ತಡವಾಗಿ ಬರುತ್ತವೆ ಅಷ್ಟೆ. ಕೆಪಾಸಿಟರ್‌ಗಳ ತಲೆಗಳು ಚಪ್ಪಟೆಯಾಗಿಯೇ ಇವೆ.

ಕೊನೆಗೆ ಕಾರ್ಡ್ ತೆಗೆದಿಟ್ಟು ಮದರ್‌ಬೋರ್ಡ್‌ನ ಎಚ್‌ಡಿಎಂಐ ಪೋರ್ಟ್‌ಗೆ ಮಾನಿಟರ್ ಜೋಡಿಸಿ ಇಡೀ ದಿನ ಕೆಲಸ ಮಾಡಿದೆ. ಒಂದು ಚೌಕವೂ ಬರಲಿಲ್ಲ. ಇದರಿಂದ ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸಬಹುದಲ್ಲವೇ?


ನಿಧಾನಗತಿ (ಉತ್ತರ):

ಇಷ್ಟು ಅಚ್ಚುಕಟ್ಟಾಗಿ ಪರೀಕ್ಷಿಸಿದ್ದೀರಿ, ಹೀಗಾಗಿ ಕೊನೆಯ ಹೆಜ್ಜೆಯಲ್ಲಿಯೂ ಅಷ್ಟೇ ಎಚ್ಚರ ಇರಲಿ ಎಂದು ಬರೆಯುತ್ತಿದ್ದೇನೆ. ಕಾರ್ಡ್ ತೆಗೆದಾಗ ತೊಂದರೆ ಹೋಯಿತು ಎಂಬುದರಿಂದ ಕಾರ್ಡೇ ದೋಷಿ ಎಂದು ಸಿದ್ಧವಾಗುವುದಿಲ್ಲ. ಕಾರ್ಡ್ ಜೊತೆಗೆ ಇನ್ನೂ ಎರಡು ಸಂಗತಿಗಳನ್ನು ನೀವು ತೆಗೆದಿದ್ದೀರಿ: ಅದು ಎಸ್‌ಎಂಪಿಎಸ್ ಮೇಲೆ ಹೊರಿಸುತ್ತಿದ್ದ ಹೊರೆ, ಮತ್ತು ಅದು ಕೂತಿದ್ದ ಸ್ಲಾಟ್‌ನ ಬಳಕೆ.

ತಾನು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನಿಂದ ಕಾರ್ಡ್ 75 ವಾಟ್‌ವರೆಗೆ, 6 ಪಿನ್ ಕನೆಕ್ಟರ್‌ನಿಂದ ಇನ್ನೂ 75 ವಾಟ್‌ವರೆಗೆ ಸೆಳೆಯಬಹುದು. ಹಳೆಯ ಎಸ್‌ಎಂಪಿಎಸ್ ಒಂದು ಸಣ್ಣ ಹೊರೆಯಲ್ಲಿ ಸುಖವಾಗಿ ನಡೆದು, ಈ ಹೊರೆ ಬಿದ್ದಾಗ ಮಾತ್ರ ತಡಬಡಾಯಿಸುವುದು ಅಪರೂಪವೇನಲ್ಲ. ಹಾಗಿದ್ದರೆ ನೀವು ಹೊಸ ಕಾರ್ಡ್ ತಂದರೂ ಅದೇ ಚೌಕಗಳು ಬರುತ್ತವೆ, ಹಣವೂ ಹೋಗುತ್ತದೆ.

ಮಲ್ಟಿಮೀಟರ್ ಇದೆ ಎಂದಿದ್ದೀರಿ. ಕಾರ್ಡನ್ನು ಮತ್ತೆ ಹಾಕಿ, ಅದಕ್ಕೆ ಭಾರವಾದ ಕೆಲಸ ಕೊಟ್ಟು, ಆ ಸಮಯದಲ್ಲಿ 6 ಪಿನ್ ಕನೆಕ್ಟರ್‌ನ ಹಿಂಬದಿಯಿಂದ ಹಳದಿ ತಂತಿಗೂ ಕಪ್ಪು ತಂತಿಗೂ ನಡುವಿನ ವೋಲ್ಟೇಜ್ ಅಳೆಯಿರಿ. ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ಜಾಗರೂಕತೆ ಇರಲಿ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್‌ಗೆ ಶೇಕಡ 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಅಂದರೆ 11.4ರಿಂದ 12.6ರವರೆಗೆ. ಹೊರೆ ಬಿದ್ದಾಗ 11.4ಕ್ಕಿಂತ ಕೆಳಗೆ ಇಳಿದರೆ ಎಸ್‌ಎಂಪಿಎಸ್ ಬದಲಿಸಿ. ಇಳಿಯದಿದ್ದರೆ ಅದು ಪೂರ್ಣ ಆರೋಗ್ಯವಾಗಿದೆ ಎಂದಲ್ಲ: ಒಳಗಿನ ಕೆಪಾಸಿಟರ್‌ಗಳು ಒಣಗಿದಾಗ ಸರಾಸರಿ ವೋಲ್ಟೇಜ್ ಸರಿಯಾಗಿದ್ದು ಅದರ ಮೇಲೆ ಸಣ್ಣ ವೇಗದ ಅಲೆಗಳು ಏಳುತ್ತವೆ. 12 ವೋಲ್ಟ್ ತಂತಿಯಲ್ಲಿ ಅವು 120 ಮಿಲಿವೋಲ್ಟ್ ಮೀರಬಾರದು. ಸಾಮಾನ್ಯ ಮಲ್ಟಿಮೀಟರ್ ಅವುಗಳನ್ನು ತೋರಿಸುವುದಿಲ್ಲ, ಅದಕ್ಕೆ ಅಲೆಗಳನ್ನು ಚಿತ್ರವಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು.

ಆಸಿಲೋಸ್ಕೋಪ್ ಇಲ್ಲದೆಯೂ ಇದನ್ನು ಬಿಡಿಸಬಹುದು. ಎಂಎಸ್‌ಐ ಆಫ್ಟರ್‌ಬರ್ನರ್‌ನಂತಹ ತಂತ್ರಾಂಶದಲ್ಲಿ ಕಾರ್ಡ್‌ನ ಮೆಮೊರಿ ಗಡಿಯಾರದ ವೇಗವನ್ನು ಮಾತ್ರ ಒಂದಿಷ್ಟು, 100ರಿಂದ 200 ಮೆಗಾಹರ್ಟ್ಸ್‌ನಷ್ಟು, ಇಳಿಸಿ. ಚಿಪ್‌ನ ವೇಗವನ್ನು ಮುಟ್ಟಬೇಡಿ. ಹೀಗೆ ಮಾಡಿದಾಗ ಒಟ್ಟು ವಿದ್ಯುತ್ ಬಳಕೆ ಹೆಚ್ಚು ಬದಲಾಗುವುದಿಲ್ಲ, ಆದರೆ ಮೆಮೊರಿಗೆ ಓದಲು ಮತ್ತು ಬರೆಯಲು ಸಿಗುವ ಕಾಲಾವಕಾಶ ಹಿಗ್ಗುತ್ತದೆ. ಇಷ್ಟರಿಂದಲೇ ಚೌಕಗಳು ನಿಂತರೆ ಮೆಮೊರಿ ಚಿಪ್‌ಗಳು ಅಥವಾ ಅವುಗಳ ಬೆಸುಗೆ ದುರ್ಬಲವಾಗಿದೆ ಎಂಬುದಕ್ಕೆ ಅದು ಗಟ್ಟಿಯಾದ ಸುಳಿವು. ಇದೆಲ್ಲಕ್ಕಿಂತ ಮಿಗಿಲಾದ ಸಾಕ್ಷ್ಯವೆಂದರೆ, ಸಾಧ್ಯವಾದಲ್ಲಿ, ಆ ಕಾರ್ಡನ್ನು ಚೆನ್ನಾಗಿ ನಡೆಯುತ್ತಿರುವ ಬೇರೊಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡುವುದು. ದೋಷ ಕಾರ್ಡ್ ಜೊತೆಗೆ ಹೋದರೆ ಕಾರ್ಡ್‌ನದು, ಹೋಗದಿದ್ದರೆ ನಿಮ್ಮ ಪೆಟ್ಟಿಗೆಯಲ್ಲಿಯೇ ಹುಡುಕಬೇಕು.

ನಿಮ್ಮ ಪರೀಕ್ಷೆ ಇನ್ನೊಂದು ವಿಷಯವನ್ನೂ ತಿಳಿಸಿದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಕಂಪ್ಯೂಟರ್‌ನ ಮುಖ್ಯ ರ‍್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಕಾರ್ಡ್ ತೆಗೆದ ಮೇಲೂ ಚೌಕಗಳು ಕಾಣುವ ಸಂಭವ ಹೆಚ್ಚಿತ್ತು. ಕಾಣದಿರುವುದು ಒಳ್ಳೆಯ ಲಕ್ಷಣ, ಆದರೂ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ತಂತ್ರಾಂಶವನ್ನು ನಡೆಸಿ ನೋಡಿ. ಫೋಟೊಗಳ ಮೇಲೆ ಕೆಲಸ ಮಾಡುವವರಿಗೆ ಇದು ಮುಖ್ಯ. ಕಾರ್ಡ್‌ನ ಮೆಮೊರಿಯಲ್ಲಿ ಆದ ತಪ್ಪು ಹೆಚ್ಚಿನಂಶ ಕಣ್ಣೆದುರಿಗೆ ಕಂಡು ಹೋಗಿಬಿಡುತ್ತದೆ. ಮುಖ್ಯ ರ‍್ಯಾಮ್‌ನಲ್ಲಿ ಆದ ತಪ್ಪು ನೀವು ಸೇವ್ ಮಾಡಿದಾಗ ಕಡತದೊಳಗೆ ಸೇರಿ, ಬ್ಯಾಕಪ್‌ಗೂ ಹೋಗಿ ಕೂರುತ್ತದೆ. ಅಂದ ಹಾಗೆ, ನಿಮ್ಮ ಫೋಟೊ ತಂತ್ರಾಂಶ ಗ್ರಾಫಿಕ್ಸ್ ಕಾರ್ಡ್‌ನ ಸಹಾಯದಿಂದ ಫಿಲ್ಟರ್‌ಗಳನ್ನು ಲೆಕ್ಕ ಹಾಕುತ್ತಿದ್ದರೆ ಕಾರ್ಡ್‌ನ ತಪ್ಪು ಕೂಡ ಕಡತಕ್ಕೆ ಇಳಿಯಬಹುದು. ಚೌಕಗಳು ಬರುತ್ತಿದ್ದ ದಿನಗಳಲ್ಲಿ ಸೇವ್ ಮಾಡಿದ ಚಿತ್ರಗಳನ್ನು ಬೇರೆ ಪರದೆಯಲ್ಲಿ ಒಮ್ಮೆ ಪೂರ್ಣ ಗಾತ್ರದಲ್ಲಿ ನೋಡುವುದು ಒಳ್ಳೆಯದು.


ಹಳೆಪೆಟ್ಟಿಗೆ:

ನಿಧಾನಗತಿ ಅವರೇ, ಈ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ, ಬಹಳ ಉಪಕಾರವಾಯಿತು.

ಹೊರೆ ಬಿದ್ದಾಗ ವೋಲ್ಟೇಜ್ 11.9ರ ಆಸುಪಾಸಿನಲ್ಲಿ ಸ್ಥಿರವಾಗಿತ್ತು. ಮೆಮೊರಿಯ ವೇಗವನ್ನು 150 ಮೆಗಾಹರ್ಟ್ಸ್ ಇಳಿಸಿದ ಮೇಲೆ ಚೌಕಗಳು ನಿಂತವು, ಮತ್ತೆ ಮೊದಲಿನ ವೇಗಕ್ಕೆ ತಂದಾಗ ಮರಳಿ ಬಂದವು. ಸ್ನೇಹಿತರ ಕಂಪ್ಯೂಟರ್‌ನಲ್ಲಿ ಕಾರ್ಡ್ ಹಾಕಿದಾಗ ಅಲ್ಲಿಯೂ ಅವೇ ಬಣ್ಣದ ಚೌಕಗಳು ಕಾಣಿಸಿಕೊಂಡವು. ಮೆಮ್‌ಟೆಸ್ಟ್ ರಾತ್ರಿಯಿಡೀ ನಡೆದು ಒಂದು ತಪ್ಪನ್ನೂ ತೋರಿಸಲಿಲ್ಲ. ಸೇವ್ ಮಾಡಿದ ಚಿತ್ರಗಳನ್ನು ಬೇರೆ ಪರದೆಯಲ್ಲಿ ನೋಡಿದೆ, ಅವುಗಳಲ್ಲಿ ಕಲೆಗಳಿಲ್ಲ. ಇದರಿಂದ ದೊಡ್ಡ ಆತಂಕವೊಂದು ಕಳೆಯಿತು.

ನನ್ನ ಕೆಲಸಕ್ಕೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಸಾಕೆಂದು ಆ ಒಂದು ದಿನದ ಬಳಕೆಯಲ್ಲಿಯೇ ತಿಳಿದಿದೆ. ಹೀಗಾಗಿ ಕಾರ್ಡ್ ಇಲ್ಲದೆಯೇ ಮುಂದುವರಿಯುವ ಯೋಚನೆಯಿದೆ. ಆದರೂ ಎರಡು ಅನುಮಾನಗಳು ಉಳಿದಿವೆ. ವೇಗ ಇಳಿಸಿದ ಕಾರ್ಡನ್ನೇ ಬಳಸುತ್ತಿದ್ದರೆ ಎಷ್ಟು ಕಾಲ ನಡೆಯಬಹುದು? ಇನ್ನೊಂದು, ಕಾರ್ಡನ್ನು ಒಲೆಯಲ್ಲಿ ಬಿಸಿ ಮಾಡಿದರೆ ಬೆಸುಗೆ ಮತ್ತೆ ಕೂಡಿಕೊಳ್ಳುತ್ತದೆ ಎಂದು ತೋರಿಸುವ ವಿಡಿಯೊಗಳಿವೆ. ಅದರಲ್ಲಿ ಹುರುಳಿದೆಯೇ?


ಬೆಸುಗೆಕಡ್ಡಿ (ಉತ್ತರ):

ವೇಗ ಇಳಿಸಿ ಬಳಸುವುದು ಹೊಸ ವ್ಯವಸ್ಥೆ ಆಗುವವರೆಗೆ ಕೆಲಸ ನಿಲ್ಲದಿರಲಿ ಎಂದು ಮಾಡುವ ಏರ್ಪಾಟು. ದುರ್ಬಲಗೊಂಡ ಸಂಪರ್ಕ ಪ್ರತಿ ಸಲ ಬಿಸಿಯಾಗಿ ತಣಿಯುವಾಗಲೂ ಇನ್ನಷ್ಟು ಸಡಿಲವಾಗುತ್ತದೆ. ಅದು ವಾರಗಳೋ ವರ್ಷಗಳೋ ಎಂದು ಯಾರೂ ಹೇಳಲಾರರು. ನಿಮಗೆ ಬೇರೆ ದಾರಿ ಇರುವಾಗ ಅದನ್ನು ಅವಲಂಬಿಸಬೇಡಿ.

ಒಲೆಯ ವಿಚಾರದಲ್ಲಿ ನನ್ನ ಉತ್ತರ ಖಂಡಿತವಾಗಿ ಬೇಡ ಎಂಬುದೇ. ಯುರೋಪ್ ಒಕ್ಕೂಟವು 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸಿದ ಮೇಲೆ ತಯಾರಕರು ಹೆಚ್ಚಾಗಿ ಸೀಸರಹಿತ ಬೆಸುಗೆಗೆ ಬಂದಿದ್ದಾರೆ. ತವರ, ಬೆಳ್ಳಿ, ತಾಮ್ರ ಸೇರಿದ ಸಾಮಾನ್ಯ ಸೀಸರಹಿತ ಬೆಸುಗೆ ಕರಗುವುದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಳೆಯ ಸೀಸದ ಬೆಸುಗೆ 183 ಡಿಗ್ರಿಯಲ್ಲಿಯೇ ಕರಗುತ್ತಿತ್ತು. ಆ ವಿಡಿಯೊಗಳಲ್ಲಿ ಹೇಳುವ 200 ಡಿಗ್ರಿಯ ಸುಮಾರಿನಲ್ಲಿ ಇಂತಹ ಬೆಸುಗೆ ಕರಗುವುದೇ ಇಲ್ಲ. ಕೆಲವೊಮ್ಮೆ ಕಾರ್ಡ್ ಮತ್ತೆ ನಡೆಯುವುದು ಬಿಸಿಗೆ ಭಾಗಗಳು ಹಿಗ್ಗಿ, ಬಿಟ್ಟಿದ್ದ ಸಂಪರ್ಕ ತಾತ್ಕಾಲಿಕವಾಗಿ ತಾಗುವುದರಿಂದ, ಮತ್ತು ಹಾಗೆ ನಡೆದದ್ದು ಹೆಚ್ಚು ಕಾಲ ಬಾಳುವುದಿಲ್ಲ. ಇದೇ ವೇಳೆ, ಹೆಚ್ಚೆಂದರೆ 105 ಡಿಗ್ರಿಗೆ ತಯಾರಾದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಆ ಶಾಖದಲ್ಲಿ ಹಾಳಾಗುತ್ತವೆ, ಕನೆಕ್ಟರ್‌ಗಳ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಮತ್ತು ಹೊರಬರುವ ಹೊಗೆ ಅಡುಗೆಯ ಒಲೆಯೊಳಗೆ ಸೇರಬಾರದ ವಸ್ತು. ಸರಿಯಾದ ದುರಸ್ತಿ ಎಂದರೆ ಕೆಟ್ಟ ಮೆಮೊರಿ ಚಿಪ್ ಯಾವುದೆಂದು ಪರೀಕ್ಷಾ ತಂತ್ರಾಂಶದಿಂದ ಗುರುತಿಸಿ, ಬಿಸಿಗಾಳಿಯ ಯಂತ್ರದಲ್ಲಿ ಅದೊಂದನ್ನೇ ತೆಗೆದು ಹೊಸದನ್ನು ಕೂರಿಸುವುದು. ಹತ್ತು ವರ್ಷದ, 2 ಜಿಬಿಯ ಕಾರ್ಡ್‌ಗೆ ಆ ಶ್ರಮ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ.

ಕಾರ್ಡ್ ಇಲ್ಲದೆ ಮುಂದುವರಿಯುವುದಾದರೆ ಕೆಲವು ಸಣ್ಣ ಕೆಲಸಗಳಿವೆ. ಕಾರ್ಡ್ ಇದ್ದ ಜಾಗದ ಹಿಂಬದಿಯ ಕಿಂಡಿಗೆ ಲೋಹದ ಪಟ್ಟಿ ಹಾಕಿ ಮುಚ್ಚಿ, ಇಲ್ಲವಾದರೆ ದೂಳು ಅಲ್ಲಿಂದಲೇ ಒಳಗೆ ಬರುತ್ತದೆ. ಬಿಡುವಾದ 6 ಪಿನ್ ತಂತಿಯನ್ನು ಯಾವ ಫ್ಯಾನ್‌ಗೂ ಸಿಗದಂತೆ ಕಟ್ಟಿಡಿ. ಎರಡು ರ‍್ಯಾಮ್ ಪಟ್ಟಿಗಳು ಮದರ್‌ಬೋರ್ಡ್ ಕೈಪಿಡಿ ಹೇಳುವ ಜೋಡಿ ಸ್ಲಾಟ್‌ಗಳಲ್ಲಿಯೇ ಇವೆಯೇ ನೋಡಿ. ಒಳಗಿನ ಗ್ರಾಫಿಕ್ಸ್ ಈಗ ಅದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ, ರ‍್ಯಾಮ್‌ಗೆ ಹೋಗುವ ಎರಡೂ ದಾರಿಗಳು (ಚಾನೆಲ್‌ಗಳು) ಒಟ್ಟಿಗೆ ನಡೆದರೆ ಫೋಟೊ ಕೆಲಸದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. 8 ಜಿಬಿಯಲ್ಲಿ ಒಂದು ಪಾಲು ಗ್ರಾಫಿಕ್ಸ್‌ಗೆ ಹೋಗುವುದರಿಂದ ದೊಡ್ಡ ಕಡತಗಳಲ್ಲಿ ಕೆಲಸ ನಿಧಾನವಾದರೆ, ಹೊಸ ಕಾರ್ಡ್‌ಗಿಂತ ಮೊದಲು ರ‍್ಯಾಮ್ ಹೆಚ್ಚಿಸುವ ಬಗ್ಗೆ ಯೋಚಿಸಿ. ಹಳೆಯ ಕಾರ್ಡ್‌ನ ಡ್ರೈವರನ್ನು ಸೇಫ್ ಮೋಡ್‌ನಲ್ಲಿ (ಅಗತ್ಯ ಭಾಗಗಳಷ್ಟೇ ನಡೆಯುವ ವಿಂಡೋಸ್ ಸ್ಥಿತಿ) ತೆಗೆದುಹಾಕಿ, ಅದರ ಜೊತೆಗೆ ಬಂದ ಹಿನ್ನೆಲೆ ತಂತ್ರಾಂಶಗಳೂ ಹೋಗಲಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ನೀವು ಪೆನ್‌ಡ್ರೈವ್‌ನಲ್ಲಿ ನಡೆಸಿದ ಲಿನಕ್ಸ್ ಆ ಯಂತ್ರದಲ್ಲಿ ಹೇಗೂ ಚೆನ್ನಾಗಿ ನಡೆದಿದೆ. ನಿಮ್ಮ ಪುಟವಿನ್ಯಾಸದ ತಂತ್ರಾಂಶ ಅದರಲ್ಲಿ ದೊರೆಯುವುದಾದರೆ ಅದನ್ನೂ ಪರಿಗಣಿಸಬಹುದು. ಕೆಟ್ಟ ಕಾರ್ಡನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಅದರ ಫ್ಯಾನ್ ಚೆನ್ನಾಗಿದ್ದರೆ ಮಾತ್ರ ಬಿಚ್ಚಿ ಇಟ್ಟುಕೊಳ್ಳಿ, ಅದೇ ಅಳತೆಯ ಫ್ಯಾನ್ ಬೇಕಾದವರು ಸಿಗುತ್ತಾರೆ.